ಮಂಕಾದ ಮಾರುಕಟ್ಟೆಯಲ್ಲಿ ಮನೆ ಮಾರಾಟ: ದಲ್ಲಾಳಿ ಯಾರ ಪರ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಮಾರಿ ನೋಡು ಎನ್ನಲಿಲ್ಲ. ಇದ್ದ ಮನೆಯನ್ನು ಮಾರುವುದೆಂದರೆ ಮನೆತನಕ್ಕೇ ಸೋಲು ಎಂದು ಭಾವಿಸುತ್ತಿದ್ದ ಕಾಲವದು. ಇಂದಿನ ನಗರಗಳ ಸ್ಥಿತಿ ಬೇರೆ. ಮಕ್ಕಳು ಪರದೇಶದಲ್ಲಿ ನೆಲೆಸಿದ ಮೇಲೆ ಮಹಡಿ ಹತ್ತಲಾರದ ವೃದ್ಧ ದಂಪತಿ, ತಂದೆಯ ಆಸ್ತಿಯನ್ನು ಪಾಲು ಮಾಡಿಕೊಳ್ಳಬೇಕಾದ ಸೋದರರು, ಬ್ಯಾಂಕಿನ ಕಂತು ಕಟ್ಟಲಾಗದ ಉದ್ಯೋಗಿ, ಹೀಗೆ ಮನೆ ಮಾರುವವರ ಕಾರಣಗಳು ಹಲವು. ಆದರೆ ಬಹುಪಾಲು ಮಂದಿಗೆ ಆ ಮನೆಯೇ ಜೀವಮಾನದ ಉಳಿತಾಯ. ಮಾರಾಟದ ಅವಕಾಶವೂ ಒಮ್ಮೆ ಮಾತ್ರ.

ಮಾರುಕಟ್ಟೆ ಏರುಗತಿಯಲ್ಲಿದ್ದಾಗ ಈ ಮಾರಾಟ ಕಷ್ಟವೆನಿಸದು. ಕೊಳ್ಳುವವರು ಸಾಲುಗಟ್ಟಿ ನಿಲ್ಲುವುದರಿಂದ ದಲ್ಲಾಳಿಯ ಜಾಣ್ಮೆಯಾಗಲೀ ದೌರ್ಬಲ್ಯವಾಗಲೀ ಬಯಲಾಗುವುದಿಲ್ಲ. ಪರೀಕ್ಷೆ ಎದುರಾಗುವುದು ಬೇಡಿಕೆ ಕುಸಿದಾಗ. 2008ರಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕ್ ದಿವಾಳಿಯಾದ ಬಳಿಕ, 2016ರ ನವೆಂಬರ್‌ನಲ್ಲಿ ನೋಟು ಅಮಾನ್ಯಗೊಂಡ ಬಳಿಕ, 2020ರಲ್ಲಿ ಕೋವಿಡ್ ಲಾಕ್‌ಡೌನ್ ಜಾರಿಯಾದ ಬಳಿಕ ಬೆಂಗಳೂರಿನ ಮನೆ ಮಾಲೀಕರು ಇದನ್ನು ಕಂಡಿದ್ದಾರೆ. ಇಂಥ ಪ್ರತಿ ಸಂದರ್ಭದಲ್ಲೂ ಏಳುವ ಪ್ರಶ್ನೆ ಒಂದೇ: ನಡುವೆ ನಿಂತ ದಲ್ಲಾಳಿ ಯಾರ ಪರ?

ಉತ್ತರ ಲೆಕ್ಕದಲ್ಲಿದೆ. ರಾಜ್ಯದ ನಗರಗಳಲ್ಲಿ ದಲ್ಲಾಳಿಯ ಕಮಿಷನ್ ಸಾಮಾನ್ಯವಾಗಿ ಮಾರಾಟ ಬೆಲೆಯ ಶೇ. 1ರಿಂದ 2. ಅನೇಕ ವೇಳೆ ಕೊಳ್ಳುವವರಿಂದಲೂ ಅಷ್ಟೇ ವಸೂಲಾಗುತ್ತದೆ. 80 ಲಕ್ಷ ರೂಪಾಯಿ ನಿರೀಕ್ಷಿಸಿದ್ದ ಮನೆ 72 ಲಕ್ಷಕ್ಕೆ ಮಾರಾಟವಾಯಿತು ಎಂದಿಟ್ಟುಕೊಳ್ಳೋಣ. ಮಾಲೀಕರಿಗಾಗುವ ನಷ್ಟ 8 ಲಕ್ಷ. ಶೇ. 1ರ ಲೆಕ್ಕದಲ್ಲಿ ದಲ್ಲಾಳಿ ಮಾರುವವರ ಕಡೆಯಿಂದ ಕಳೆದುಕೊಳ್ಳುವುದು 8 ಸಾವಿರ. ಉತ್ತಮ ಬೆಲೆಗಾಗಿ ಮತ್ತೆ ನಾಲ್ಕು ತಿಂಗಳು ಓಡಾಡುವುದಕ್ಕಿಂತ ಇಂದೇ ವ್ಯವಹಾರ ಮುಗಿಸುವುದು ಅವರಿಗೆ ಲಾಭಕರ. ಇದರಲ್ಲಿ ಮೋಸವೇನೂ ಇಲ್ಲ. ಕಮಿಷನ್ ವ್ಯವಸ್ಥೆಯ ಸ್ವಭಾವವೇ ಅಂಥದ್ದು.

ಈ ಸ್ವಭಾವ ಭಾರತಕ್ಕೆ ಸೀಮಿತವಲ್ಲ. ಅಮೆರಿಕದ ಶಿಕಾಗೊ ಸುತ್ತಮುತ್ತ ನಡೆದ ಸುಮಾರು ಒಂದು ಲಕ್ಷ ಮನೆ ಮಾರಾಟಗಳನ್ನು ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಪರಿಶೀಲಿಸಿದ್ದರು. 2008ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಗ್ರಾಹಕರ ಮನೆಗಳಿಗಿಂತ ಶೇ. 3.7ರಷ್ಟು ಹೆಚ್ಚು ಬೆಲೆ ಪಡೆಯುತ್ತಿದ್ದರು. ಅದಕ್ಕಾಗಿ ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾಯುತ್ತಿದ್ದರು. ತಮ್ಮ ಮನೆಗೆ ತಾಳ್ಮೆ, ಪರರ ಮನೆಗೆ ಅವಸರ.

ಮಂದಗತಿಯ ಮಾರುಕಟ್ಟೆಯಲ್ಲಿ ಈ ಅಂತರ ಹಿಗ್ಗುತ್ತದೆ. ಮೊದಲು ಆಕಾಶಕ್ಕೇಣಿ ಹಾಕುವಂಥ ಬೆಲೆ ಹೇಳಿ ಮಾಲೀಕರನ್ನು ಒಲಿಸಿಕೊಳ್ಳುವುದು, ಎರಡು ತಿಂಗಳ ನಂತರ 'ಮಾರ್ಕೆಟ್ ಬಿದ್ದಿದೆ ಸಾರ್' ಎಂದು ಇಳಿಸುತ್ತಾ ಹೋಗುವುದು ಹಳೆಯ ತಂತ್ರ. 'ನಿಮಗೆ ಇಷ್ಟು ಕೈಗೆ ಬಂದರೆ ಸಾಕಲ್ಲವೇ, ಮೇಲಿನದು ನನಗಿರಲಿ' ಎಂಬ ಒಪ್ಪಂದ ಇನ್ನೂ ಅಪಾಯಕಾರಿ. ನಿಜವಾದ ಬೆಲೆ ಎಷ್ಟೆಂಬುದು ಆಗ ಮಾರುವವರಿಗೂ ತಿಳಿಯದು, ಕೊಳ್ಳುವವರಿಗೂ ತಿಳಿಯದು. ಅವಸರಪಟ್ಟು ನಾಲ್ಕಾರು ದಲ್ಲಾಳಿಗಳಿಗೆ ಏಕಕಾಲಕ್ಕೆ ಮನೆ ಒಪ್ಪಿಸುವವರೂ ಉಂಟು. ಒಂದೇ ಮನೆಗೆ ಊರೆಲ್ಲ ನಾಲ್ಕು ಬೆಲೆ ಕೇಳಿಬಂದರೆ, ಕೊಳ್ಳುವವರು ಅತಿ ಕಡಿಮೆ ಬೆಲೆಯಿಂದಲೇ ಚೌಕಾಸಿ ಆರಂಭಿಸುತ್ತಾರೆ.

ಇಲ್ಲಿ ಕಾನೂನಿನ ರಕ್ಷಣೆ ಎಷ್ಟು? 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ, ಅರ್ಥಾತ್ ರೇರಾ, ಏಜೆಂಟರ ನೋಂದಣಿಯನ್ನು ಕಡ್ಡಾಯಗೊಳಿಸಿದೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಕಾಯ್ದೆಯ 9ನೇ ಕಲಂ ಓದಿದರೆ ಅದರ ಮಿತಿ ಸ್ಪಷ್ಟವಾಗುತ್ತದೆ. ರೇರಾ ಅಡಿ ನೋಂದಣಿಯಾದ ಯೋಜನೆಗಳಲ್ಲಿ ಬಿಲ್ಡರ್ ಮಾರುವ ನಿವೇಶನ, ಫ್ಲ್ಯಾಟ್‌ಗಳ ವ್ಯವಹಾರಕ್ಕಷ್ಟೇ ಈ ನಿಯಮ ಅನ್ವಯಿಸುತ್ತದೆ. ಇಪ್ಪತ್ತು ವರ್ಷ ಹಳೆಯ ಸ್ವಂತ ಮನೆಯನ್ನು ಮಾರಿಸಿಕೊಡುವ ದಲ್ಲಾಳಿ ಈ ಚೌಕಟ್ಟಿನ ಹೊರಗೇ ಉಳಿಯುತ್ತಾರೆ. ಬಿಲ್ಡರ್‌ನಿಂದ ಕೊಳ್ಳುವವರನ್ನು ಕಾಯಲು ಪ್ರಾಧಿಕಾರವಿದೆ. ಹಳೆಯ ಮನೆ ಮಾರುವ ಸಾಮಾನ್ಯರು ದಲ್ಲಾಳಿಯ ವಿರುದ್ಧ ಅಲ್ಲಿಗೆ ಹೋಗುವಂತಿಲ್ಲ.

ಅವರಿಗೆ ಉಳಿದಿರುವ ಆಸರೆ ಬ್ರಿಟಿಷರ ಕಾಲದ್ದು. 1872ರ ಭಾರತೀಯ ಕರಾರು ಕಾಯ್ದೆಯಂತೆ, ವಿಶೇಷ ಒಪ್ಪಂದವಿಲ್ಲದಿದ್ದರೆ ಒಪ್ಪಿಕೊಂಡ ಕೆಲಸ ಪೂರ್ಣಗೊಳ್ಳುವವರೆಗೆ ಏಜೆಂಟರಿಗೆ ಪ್ರತಿಫಲ ಸಲ್ಲಬೇಕಿಲ್ಲ. ಮಾಲೀಕರಿಗೆ ತಿಳಿಸದೆ ಏಜೆಂಟರು ಅದೇ ವ್ಯವಹಾರದಲ್ಲಿ ತಮಗಾಗಿ ಲಾಭ ಮಾಡಿಕೊಂಡರೆ ಆ ಲಾಭವನ್ನು ಮಾಲೀಕರು ಕೇಳಬಹುದು. ಆದರೆ ಬಾಯಿಮಾತಿನ ವ್ಯವಹಾರವನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸುವುದು ಸುಲಭವಲ್ಲ. ಕಮಿಷನ್ ಎಷ್ಟು, ಯಾವಾಗ ಸಲ್ಲಬೇಕು, ಅವಧಿ ಎಷ್ಟು, ಕೊಳ್ಳುವವರಿಂದಲೂ ಹಣ ಪಡೆಯುತ್ತಾರೆಯೇ, ಬಂದ ಪ್ರತಿಯೊಂದು ಬೆಲೆಯನ್ನೂ ಮಾಲೀಕರಿಗೆ ತಿಳಿಸುತ್ತಾರೆಯೇ ಎಂಬುದನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮಂದಗತಿಯ ಮಾರುಕಟ್ಟೆಯಲ್ಲಿ ದಲ್ಲಾಳಿಗಳು ವಿರಳವಾಗಿ ಹೇಳುವ ಇನ್ನೊಂದು ಅಪಾಯವಿದೆ. ಮಾರುಕಟ್ಟೆ ಬೆಲೆ ಇಳಿದರೂ ಸರ್ಕಾರದ ಮಾರ್ಗಸೂಚಿ ಬೆಲೆ ತಾನಾಗಿ ಇಳಿಯುವುದಿಲ್ಲ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಪರಿಷ್ಕೃತ ಮಾರ್ಗಸೂಚಿ ಬೆಲೆ ಜಾರಿಗೆ ಬಂದಿತ್ತು. ಆದಾಯ ತೆರಿಗೆ ನಿಯಮದಂತೆ, ಮುದ್ರಾಂಕ ಶುಲ್ಕಕ್ಕಾಗಿ ನಿಗದಿಯಾದ ಮೌಲ್ಯವು ಮಾರಾಟ ಬೆಲೆಗಿಂತ ಶೇ. 10ಕ್ಕೂ ಹೆಚ್ಚಿದ್ದರೆ ಆ ಮೌಲ್ಯವನ್ನೇ ಮಾರಾಟ ಬೆಲೆಯೆಂದು ಪರಿಗಣಿಸಿ ಬಂಡವಾಳ ಲಾಭ ಲೆಕ್ಕ ಹಾಕಲಾಗುತ್ತದೆ. ಮಾರ್ಗಸೂಚಿಯಂತೆ 80 ಲಕ್ಷ ಬಾಳುವ ಮನೆಯನ್ನು 70 ಲಕ್ಷಕ್ಕೆ ಮಾರಿದವರು ಕೈಗೆ ಬಾರದ 10 ಲಕ್ಷವನ್ನೂ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ. ಮಾರುಕಟ್ಟೆ ಬೆಲೆ ನಿಜಕ್ಕೂ ಕಡಿಮೆಯೆಂದು ವಾದಿಸಿ ಮೌಲ್ಯಮಾಪನ ಅಧಿಕಾರಿಯ ಪರಿಶೀಲನೆ ಕೋರಲು ಅವಕಾಶವಿದೆ. ಆದರೆ ದಾಖಲೆಗಳೊಂದಿಗೆ ಆ ದಾರಿ ಹಿಡಿಯುವ ಹೊಣೆ ಮಾರಿದವರದೇ, ಕಮಿಷನ್ ಪಡೆದವರದಲ್ಲ.

ಹಾಗೆಂದು ದಲ್ಲಾಳಿಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಖಾತೆ, ಋಣಭಾರ ಪ್ರಮಾಣಪತ್ರ ಹೊಂದಿಸುವುದು, ಕೊಳ್ಳುವವರ ಸಾಲಕ್ಕಾಗಿ ಬ್ಯಾಂಕಿಗೆ ಅಲೆಯುವುದು, ಉಪನೋಂದಣಿ ಕಚೇರಿಯಲ್ಲಿ ದಿನವಿಡೀ ಕಾಯುವುದು ಸಣ್ಣ ಕೆಲಸವೇನಲ್ಲ. ಪರ ಊರಿನಲ್ಲಿರುವ ಮಾಲೀಕರಿಗೆ ಅವರಿಲ್ಲದೆ ಮಾರಾಟವೇ ಅಸಾಧ್ಯ. ವ್ಯವಹಾರ ಕುದುರದಿದ್ದರೆ ಅವರ ತಿಂಗಳುಗಳ ಶ್ರಮಕ್ಕೆ ಬಿಡಿಗಾಸೂ ಸಿಗದು. ಅವರ ಅವಸರಕ್ಕೂ ಅದೇ ಮೂಲ.

ಆದ್ದರಿಂದಲೇ ಈ ವೃತ್ತಿಗೆ ನಿಯಮಗಳು ಬೇಕು. ಹಳೆಯ ಮನೆಗಳ ಮರುಮಾರಾಟದಲ್ಲಿ ತೊಡಗಿದ ಏಜೆಂಟರಿಗೂ ನೋಂದಣಿ, ಲಿಖಿತ ಕರಾರು ಮತ್ತು ಎರಡೂ ಕಡೆಯ ಕಮಿಷನ್ ಬಹಿರಂಗಪಡಿಸುವ ಷರತ್ತು ಕಡ್ಡಾಯವಾದರೆ ಪ್ರಾಮಾಣಿಕರಿಗೆ ಅದರಿಂದ ನಷ್ಟವಿಲ್ಲ. ಮಾರಾಟಕ್ಕೆ ಮುದ್ರಾಂಕ ಶುಲ್ಕವನ್ನೂ ನೋಂದಣಿ ಶುಲ್ಕವನ್ನೂ ತಪ್ಪದೆ ವಸೂಲು ಮಾಡುವ ಸರ್ಕಾರ, ಆ ಮಾರಾಟವನ್ನು ನಡೆಸಿಕೊಟ್ಟವರು ಯಾರೆಂಬುದನ್ನೂ ಕೇಳಬೇಕು. ಅಲ್ಲಿಯವರೆಗೆ ಮಾಲೀಕರ ಪಾಲಿಗೆ ರಕ್ಷಣೆ ಎರಡೇ: ಕಾಯುವ ಶಕ್ತಿ ಮತ್ತು ಸಹಿ ಮಾಡಿದ ಒಂದು ಹಾಳೆ. ಮೊದಲನೆಯದು ಎಲ್ಲರಿಗೂ ಇರುವುದಿಲ್ಲ; ಎರಡನೆಯದನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದು.