ಕರಣೆ ಅವಳ ಕೈಗೂ ಬರಲಿ

ಮನೆ ಕಟ್ಟಿಸುತ್ತಿರುವವರೇ, ಈ ಮಾತು ನಿಮಗೇ. ಸೈಟಿಗೆ ಹೋದಾಗ ಟೈಲ್ಸಿನ ಬಣ್ಣ ನೋಡುತ್ತೀರಿ, ಪಿಲ್ಲರಿಗೆ ಹಾಕಿದ ಕಂಬಿ ಎಣಿಸುತ್ತೀರಿ. ಒಮ್ಮೆ ಆಳುಗಳ ಕಡೆಗೂ ನೋಡಿ. ತಲೆಯ ಮೇಲೆ ಸಿಂಬೆ, ಅದರ ಮೇಲೆ ಕಲಸಿದ ಸಿಮೆಂಟಿನ ಬಾಣಲಿ, ಸೀರೆಯ ಮೇಲೆ ಗಂಡನ ಹಳೇ ಅಂಗಿ. ಕಟಕಟೆ ಇಲ್ಲದ ಮೆಟ್ಟಿಲು ಹತ್ತಿ ಮೂರನೇ ಮಹಡಿಗೆ ಹೊರಟವಳು ರಾಯಚೂರಿನವಳೋ ಯಾದಗಿರಿಯವಳೋ ಇರಬಹುದು. ಮೇಲೆ ಕರಣೆ, ರಸಮಟ್ಟ ಹಿಡಿದು ಕಾಯುತ್ತಿರುವವನು ಗಂಡಸು. ಅವಳ ಜೊತೆಗೇ ಮಣ್ಣು ಹೊರಲು ಬಂದ ಹುಡುಗ ನಾಲ್ಕಾರು ವರ್ಷದಲ್ಲಿ ಗಾರೆಯವನಾಗುತ್ತಾನೆ, ಆಮೇಲೆ ಮೇಸ್ತ್ರಿಯೂ ಆಗುತ್ತಾನೆ. ಅವಳು ಕೂದಲು ನರೆತರೂ ಹೆಣ್ಣಾಳೇ.

ಹೆಂಗಸರದು ಹಗುರ ಕೆಲಸ, ಅದಕ್ಕೇ ಕೂಲಿ ಕಮ್ಮಿ ಅನ್ನುತ್ತಾರೆ. ಹಾಗನ್ನುವವರು ಒಂದೇ ಒಂದು ಬಾಣಲಿ ಹೊತ್ತು ತೋರಿಸಲಿ! ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ಅದನ್ನು ಮುರಿಯುವ ತಾಪತ್ರಯವೇ ಇಲ್ಲ. ಇದು ಗಂಡಸಿನ ಕೆಲಸ, ಅದು ಹೆಂಗಸಿನ ಕೆಲಸ ಎಂದು ಮೊದಲೇ ಪಾಲು ಮಾಡಿಬಿಟ್ಟರೆ ಹೋಲಿಸಿ ನೋಡಲು ಸಮಾನ ಕೆಲಸವೇ ಉಳಿಯುವುದಿಲ್ಲ. ಬಟವಾಡೆಯ ದಿನ ಕಾಣುವ ಅನ್ಯಾಯ ನಡೆದುಹೋಗಿರುವುದು ಕರಣೆ ಯಾರ ಕೈಗೆ, ಬಾಣಲಿ ಯಾರ ತಲೆಗೆ ಎಂದು ಹಂಚಿದ ಬೆಳಿಗ್ಗೆಯೇ.

ಗೋಡೆ ಕಟ್ಟುವುದು ಹೆಂಗಸರಿಗೆ ಬಗ್ಗದ ವಿದ್ಯೆಯೇ? ಜಾರ್ಖಂಡಿನ ಹಳ್ಳಿಗಳಲ್ಲಿ ಸ್ವಚ್ಛ ಭಾರತದ ಶೌಚಾಲಯ ಕಟ್ಟಲು ಹೆಂಗಸರಿಗೆ ಗಾರೆ ಕೆಲಸ ಕಲಿಸಿದರು. ಅವರನ್ನು ಅಲ್ಲಿ ರಾಣಿ ಮಿಸ್ತ್ರಿ ಎಂದು ಕರೆಯುತ್ತಾರೆ. ಕಲಿಸಿದರು, ಕಲಿತರು, ಅಷ್ಟೇ.

ಇನ್ನು ಕೂಸಿನ ಪಾಡು. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಮಕ್ಕಳಿಗೊಂದು ಕೋಣೆ ಕೊಡಬೇಕೆಂದಿತು, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ. ನಿಮ್ಮ ಮೂವತ್ತು-ನಲವತ್ತರ ಸೈಟಿಗೆ ಐವತ್ತು ಹೆಂಗಸರು ಎಲ್ಲಿಂದ ಬರಬೇಕು? ಕೂಸು ಎಂ-ಸ್ಯಾಂಡ್ ರಾಶಿಯ ಪಕ್ಕದಲ್ಲೇ ಮಲಗಿದೆ, ನೋಡಿ.

ಕಾನೂನು ಅಷ್ಟು ದೂರ ಕೈಚಾಚದಿದ್ದರೆ ನೀವು ಚಾಚಿ. ಅವಳಿಗೆಷ್ಟು ಕೊಡುತ್ತೀಯಪ್ಪಾ ಎಂದು ಮೇಸ್ತ್ರಿಯನ್ನು ಕೇಳಿ. ಹೊರುವ ಗಂಡಾಳಿಗೆ ಕೊಡುವಷ್ಟನ್ನೇ ಅವಳಿಗೂ ಕೊಡಿಸಿ. ಶೆಡ್ಡಿನಲ್ಲಿ ಮಗುವಿಗೊಂದು ಮೂಲೆ ಬಿಡಿಸಿ. ಕಾರ್ಮಿಕ ಕಾರ್ಡಿಗೆ ವರ್ಷದಲ್ಲಿ 90 ದಿನ ದುಡಿದ ದಾಖಲೆ ಬೇಕು. ನಿಮ್ಮಲ್ಲಿ ದುಡಿದಷ್ಟು ದಿನಕ್ಕೆ ನೀವು ಸಹಿ ಹಾಕಿಕೊಡಿ. ಕಾಂಪೌಂಡ್ ಗೋಡೆಯ ಒಂದೆರಡು ವರಸೆಯನ್ನಾದರೂ ಅವಳ ಕೈಯಲ್ಲಿ ಕಟ್ಟಿಸು, ಸೊಟ್ಟಗಾದರೆ ಬಿಚ್ಚಿ ಕಟ್ಟೋಣ ಎಂದು ಹೇಳಿ. ಮೇಸ್ತ್ರಿ ಗೊಣಗುತ್ತಾನೆ. ಗೊಣಗಲಿ, ದುಡ್ಡು ಕೊಡುವವರು ನೀವು.