ಕಣ್ಣುಕುಟಿಕೆಗೆ ಬೇಕಾದುದು ಬಿಸಿ, ಬಂಗಾರವಲ್ಲ

ರೆಪ್ಪೆಯಂಚಿನಲ್ಲಿ ಮುಟ್ಟಿದರೆ ನೋಯುವ ಕೆಂಪು ಗುಳ್ಳೆಯೊಂದು ಎದ್ದೊಡನೆ ನಮ್ಮ ಮನೆಗಳಲ್ಲಿ ವೈದ್ಯರಿಗಿಂತ ಮೊದಲು ಉಪಾಯಗಳು ಬರುತ್ತವೆ. ಒಬ್ಬರು ಬಂಗಾರದ ಉಂಗುರವನ್ನು ಅಂಗೈಗೆ ಉಜ್ಜಿ ಬಿಸಿಮಾಡಿ ಒತ್ತುತ್ತಾರೆ. ಇನ್ನೊಬ್ಬರು ಲವಂಗ ತೇಯ್ದು ಹಚ್ಚುತ್ತಾರೆ. ಮತ್ತೊಬ್ಬರು ಸೂಜಿ ಹುಡುಕುತ್ತಾರೆ. ಭಕ್ತಿಯುಳ್ಳವರು ವಿಭೂತಿಯನ್ನೇ ರೆಪ್ಪೆಗೆ ಲೇಪಿಸುವುದೂ ಉಂಟು. ಶಿವಮೊಗ್ಗೆಯಲ್ಲಾಗಲಿ, ಭದ್ರಾವತಿಯ ಕಾಗದನಗರದಲ್ಲಾಗಲಿ ಇದು ಹೊಸತಲ್ಲ. ಈ ಉಪಾಯಗಳಲ್ಲಿ ಉಳಿಸಿಕೊಳ್ಳಬೇಕಾದುದು ಯಾವುದು, ಬಿಡಬೇಕಾದುದು ಯಾವುದು ಎಂಬುದನ್ನು ಸದ್ಭಕ್ತರು ಒಮ್ಮೆ ವಿವೇಚಿಸಬೇಕೆಂಬುದು ನಮ್ಮ ಅಭಿಪ್ರಾಯ.

ಕಣ್ಣುಕುಟಿಕೆಯು ನೋಡಬಾರದುದನ್ನು ನೋಡಿದ ಫಲವಲ್ಲ, ಯಾರ ಶಾಪವೂ ಅಲ್ಲ. ರೆಪ್ಪೆಗೂದಲ ಬುಡದಲ್ಲಿಯೂ ರೆಪ್ಪೆಯ ಒಳಮೈಯಲ್ಲಿಯೂ ಜಿಡ್ಡು ಸುರಿಸುವ ಸಣ್ಣ ಗ್ರಂಥಿಗಳಿವೆ. ಅವುಗಳ ಬಾಯಿ ಕಟ್ಟಿಕೊಂಡು, ಚರ್ಮದ ಮೇಲೆ ಸದಾ ಇರುವ ಸ್ಟಫೈಲೊಕಾಕಸ್ ಎಂಬ ರೋಗಾಣು ಒಳಸೇರಿದಾಗ ಕೀವು ತುಂಬಿ ಗುಳ್ಳೆ ಏಳುತ್ತದೆ. ಆದುದರಿಂದ ಕುಟಿಕೆ ಎದ್ದ ಮಗುವನ್ನು ಗೇಲಿ ಮಾಡುವುದು ಅಜ್ಞಾನವೇ ಸರಿ.

ಹಿರಿಯರ ಉಂಗುರದ ಪದ್ಧತಿಯಲ್ಲಿ ಒಂದು ಸತ್ಯವಿದೆ. ಅದು ಬಂಗಾರದಲ್ಲಿಲ್ಲ, ಬಿಸಿಯಲ್ಲಿದೆ. ಕಾವು ತಾಗಿದರೆ ಗಟ್ಟಿಯಾದ ಜಿಡ್ಡು ಕರಗಿ ಗ್ರಂಥಿಯ ಬಾಯಿ ತೆರೆಯುತ್ತದೆ. ಸುಶ್ರುತಸಂಹಿತೆಯೂ ಈ ವ್ಯಾಧಿಯನ್ನು ಅಂಜನನಾಮಿಕಾ ಎಂದು ಕರೆದು ಮೊದಲು ಸ್ವೇದನವನ್ನೇ, ಅಂದರೆ ಕಾವು ಕೊಡುವುದನ್ನೇ ಹೇಳುತ್ತದೆ. ಮುಂದಿನ ಕೆಲಸವನ್ನು ವೈದ್ಯನಿಗೆ ಬಿಡುತ್ತದೆ. ಇಂದಿನ ನೇತ್ರವೈದ್ಯರು ಹೇಳುವುದೂ ಅದನ್ನೇ. ಸ್ವಚ್ಛವಾದ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಮೊಣಕೈಯ ಒಳಭಾಗಕ್ಕೆ ತಾಗಿಸಿ ಹಿತವಾಗಿದೆಯೆಂದು ನೋಡಿ, ಮುಚ್ಚಿದ ಕಣ್ಣಿನ ಮೇಲೆ 10ರಿಂದ 15 ನಿಮಿಷ ಇಡಬೇಕು; ಆರಿದಾಗ ಮತ್ತೆ ಅದ್ದಬೇಕು. ದಿನಕ್ಕೆ ಮೂರು ನಾಲ್ಕು ಬಾರಿ ಹೀಗೆ ಮಾಡಿದರೆ ಬಹುಪಾಲು ಕುಟಿಕೆಗಳು ಒಂದೆರಡು ವಾರದೊಳಗೆ ತಾವಾಗಿಯೇ ಒಡೆದು ಮಾಯುತ್ತವೆ.

ಬಿಡಬೇಕಾದುದರಲ್ಲಿ ಮೊದಲನೆಯದು ಸೂಜಿ ಮತ್ತು ಉಗುರು. ಕುಟಿಕೆಯನ್ನು ಚುಚ್ಚಿದರೆ, ಹಿಂಡಿದರೆ ಸೋಂಕು ರೆಪ್ಪೆಯೆಲ್ಲ ವ್ಯಾಪಿಸಿ ಕಣ್ಣುಗುಡ್ಡೆಯ ಹಿಂದಕ್ಕೂ ಇಳಿಯಬಹುದು. ಎರಡನೆಯದು ಔಷಧದಂಗಡಿಯಲ್ಲಿ ಕೇಳಿ ತರುವ ಹನಿಮದ್ದು. ಸ್ಟಿರಾಯ್ಡ್ ಬೆರೆತ ಹನಿಗಳು ಕ್ಷಣಿಕ ಶಮನ ಕೊಟ್ಟರೂ, ವೈದ್ಯರ ಗಮನವಿಲ್ಲದೆ ಬಹುದಿನ ಬಳಸಿದರೆ ಕಣ್ಣಿನ ಒತ್ತಡವೇರಿ ದೃಷ್ಟಿಯೇ ಹೋಗಬಹುದು. ಮೂರನೆಯದನ್ನು ಸಂಕೋಚದಿಂದಲೇ ಹೇಳುತ್ತೇವೆ. ವಿಭೂತಿಯು ಅಷ್ಟಾವರಣಗಳಲ್ಲೊಂದು, ಅದು ಭಕ್ತಿಯಿಂದ ಧರಿಸತಕ್ಕದ್ದು, ಹುಣ್ಣಿಗೆ ತುಂಬುವ ಮದ್ದಲ್ಲ. ಅದರ ನುಣುಪಾದ ಪುಡಿಯೂ ಕಣ್ಣಿಗೆ ಬಿದ್ದರೆ ಗೀರುತ್ತದೆ. ಈ ಮಾತಿನಿಂದ ವಿಭೂತಿಯ ಮಹಿಮೆಗೆ ಕುಂದಿಲ್ಲ. ಅದನ್ನು ಅದರ ಸ್ಥಾನದಲ್ಲಿರಿಸಿದಂತಾಯಿತು.

ಕಾವಿಗೂ ಮಿತಿಯುಂಟು. ಊತ ಕೆನ್ನೆಗೆ ಇಳಿದರೆ, ಜ್ವರ ಬಂದರೆ, ದೃಷ್ಟಿ ಮಂಜಾದರೆ, ಕಣ್ಣು ಹೊರಳಿಸಲು ನೋವಾದರೆ ಅಂದೇ ವೈದ್ಯರನ್ನು ಕಾಣಬೇಕು. ಎರಡು ವಾರ ಕಳೆದರೂ ಕರಗದೆ ನೋವಿಲ್ಲದ ಗಂಟಾಗಿ ಉಳಿದರೂ ತೋರಿಸಬೇಕು. ಮತ್ತೆ ಮತ್ತೆ ಏಳುತ್ತಿದ್ದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವುದು ಲೇಸು. ವೃದ್ಧರಲ್ಲಿ ಒಂದೇ ಜಾಗದಲ್ಲಿ ಮರುಕಳಿಸುವ ಗಂಟನ್ನಂತೂ ಕಡೆಗಣಿಸಲೇಬಾರದು. ಅಪರೂಪವಾಗಿ ಅದು ರೆಪ್ಪೆಯ ಅರ್ಬುದವಾಗಿರಬಹುದು. ಶಿವಮೊಗ್ಗೆಯಲ್ಲಿ ಸರ್ಕಾರದ ಮೆಗ್ಗಾನ್ ಆಸ್ಪತ್ರೆಯಿದೆ, ಹರಕೆರೆಯಲ್ಲಿ ಶಂಕರ ಕಣ್ಣಿನ ಆಸ್ಪತ್ರೆಯಿದೆ. ಭದ್ರಾವತಿಯವರಿಗೂ ಇವು ಸುಮಾರು 20 ಕಿಲೋಮೀಟರಿನ ದಾರಿ. ಹೀಗಿರಲು ತಡಮಾಡುವುದಕ್ಕೆ ಕಾರಣವಿಲ್ಲ.

ಬಾರದಂತೆ ತಡೆಯುವುದು ಇನ್ನೂ ಸುಲಭ. ಕೈ ತೊಳೆಯದೆ ಕಣ್ಣುಜ್ಜಬಾರದು. ಒಬ್ಬರ ಕಾಡಿಗೆಯನ್ನು ಇನ್ನೊಬ್ಬರು ಹಚ್ಚಬಾರದು. ಕುಟಿಕೆ ಇರುವಾಗ ಬಳಸಿದ ಕಾಡಿಗೆಯನ್ನು ಎಸೆದುಬಿಡಬೇಕು. ಟವೆಲು, ದಿಂಬಿನ ಚೀಲಗಳನ್ನು ಹಂಚಿಕೊಳ್ಳಬಾರದು. ಇಲ್ಲಿ ನಮ್ಮ ಮಠಗಳ ಪ್ರಸಾದನಿಲಯಗಳಿಗೂ ಒಂದು ಮಾತು ಸಲ್ಲುತ್ತದೆ. ನೂರಾರು ಮಕ್ಕಳಿಗೆ ಅನ್ನ, ಅಕ್ಷರಗಳನ್ನಿಕ್ಕುವ ನಾವು ಪ್ರತಿ ಮಗುವಿಗೂ ತನ್ನದೇ ಆದ ಟವೆಲು, ಕೈ ತೊಳೆಯಲು ಸೋಪು ಇರುವಂತೆ ನೋಡಿಕೊಳ್ಳಬೇಕು. ಇದು ದಾಸೋಹದ ಭಾಗವೇ ಆಗಿದೆ. ಭಕ್ತರು ನಿಲಯಕ್ಕೆ ಕಾಣಿಕೆ ಸಲ್ಲಿಸುವಾಗ ಅಕ್ಕಿಬೇಳೆಯ ಜೊತೆಗೆ ಇವನ್ನೂ ನೆನೆದರೆ ಒಳಿತು.

ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿಯುವ ಮೊದಲು ನಾವು ಕೈ ಶುಚಿ ಮಾಡಿಕೊಳ್ಳುತ್ತೇವೆ. ಆ ಲಿಂಗದಲ್ಲಿ ನೆಡುವ ದೃಷ್ಟಿಯನ್ನು ಕಾಯುವ ರೆಪ್ಪೆಯನ್ನು ಮುಟ್ಟುವಾಗಲೂ ಅದೇ ಶುಚಿ, ಅದೇ ಎಚ್ಚರ ನಮ್ಮಲ್ಲಿರಲಿ.