ಹೀರೋಗೆ ಎರಡೇ ಸೀಟು, ಮನೆಮಂದಿಗೆ ಎಂಟು!

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೇ, ಅಭಿಮಾನಿ ಮಿತ್ರರೇ? ಹಾಗಾದರೆ ಈ ವಾರ ಆರಾಮಾಗಿ ಕಾರಿನ ಮಾತಾಡೋಣ.

1977ರ ಬಾಂಡ್ ಚಿತ್ರ ‘ದಿ ಸ್ಪೈ ಹೂ ಲವ್ಡ್ ಮಿ’ ನೋಡಿದವರು ಆ ಬಿಳೀ ಕಾರನ್ನು ಮರೆತಿರಲಾರರು. ರೋಜರ್ ಮೂರ್ ಅದನ್ನು ಸೀದಾ ಸಮುದ್ರಕ್ಕೇ ಇಳಿಸ್ತಾರೆ, ಕಾರು ಸಬ್‌ಮೆರೀನ್ ಆಗಿಬಿಡುತ್ತೆ! ಗಾಂಧಿಕ್ಲಾಸಿನವರು ಶಿಳ್ಳೆ ಹಾಕೋ ದೃಶ್ಯ ಅಂದ್ರೆ ಅದು. ಕಾರು ಇಂಗ್ಲೆಂಡಿನ ಲೋಟಸ್ ಕಂಪನಿಯದು. ಅದೇ ಕಂಪನಿ 1996ರಲ್ಲಿ ‘ಎಲೀಸ್’ ಅನ್ನೋ ಪುಟಾಣಿ ಕಾರು ತಂದಿತು, 2021ರವರೆಗೂ ತಯಾರಿಸಿತು.

ನಮ್ಮ ತೆರೆಯ ಮೇಲೆ? ಅಂಬಾಸಿಡರ್, ಇನ್ನೇನು! ಖಳನಾಯಕ ಇಳಿಯೋದೂ ಅದರಿಂದಲೇ, ಮದುಮಗಳು ಗಂಡನ ಮನೆಗೆ ಹೊರಡೋದೂ ಅದರಲ್ಲೇ. ಬಂಗಾಳದ ಉತ್ತರಪಾಡಾದಲ್ಲಿ 2014ರವರೆಗೆ ತಯಾರಾಯಿತು.

ಇವೆರಡನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿ. ಹಳೇ ಪೆಟ್ರೋಲ್ ಅಂಬಾಸಿಡರ್ ಎಂಜಿನ್ 1489 ಸಿ.ಸಿ. ಮೊದಲ ಎಲೀಸ್‌ದು 1796 ಸಿ.ಸಿ. ಗಾತ್ರದಲ್ಲಿ ಅಂಥಾ ಅಂತರವೇನಿಲ್ಲ. ಎಲೀಸ್ ಎಂಜಿನ್ ಕೂಡಾ ರೋವರ್ ಕಂಪನಿಯ ಸಂಸಾರಸ್ಥ ಕಾರುಗಳಲ್ಲಿ ಇದ್ದದ್ದೇ! ಆದರೆ ಅದರ ಶಕ್ತಿ 118 ಕುದುರೆ, ನಮ್ಮದರದು ಸುಮಾರು 50.

ನಿಜವಾದ ಗುಟ್ಟು ಇನ್ನೊಂದಿದೆ. ಅದು ತೂಕ! ಎಲೀಸ್ ಸುಮಾರು 725 ಕೆ.ಜಿ. ಅಂಬಾಸಿಡರ್ 1100 ಕೆ.ಜಿ.ಗೂ ಮೇಲೆ. ಅಂದ್ರೆ ಅಲ್ಲಿ ಒಂದು ಕುದುರೆ ಎಳೆಯೋದು 6 ಕೆ.ಜಿ., ಇಲ್ಲಿ ಬಡಪಾಯಿ ಕುದುರೆಗೆ 22 ಕೆ.ಜಿ. ಎಲೀಸ್ 6 ಸೆಕೆಂಡಿನ ಆಸುಪಾಸಲ್ಲಿ 100 ಕಿ.ಮೀ. ವೇಗ ಮುಟ್ಟೋದು ಹಾಗೆ. ಹಗುರವಾದ ಕಾರು ಓಡೋಕೆ ಮಾತ್ರವಲ್ಲ, ತಿರುಗೋಕೆ, ನಿಲ್ಲೋಕೂ ಚುರುಕು.

ಹಗುರ ಆಗಿದ್ದು ಹೇಗೆ? ಅಲ್ಯೂಮಿನಿಯಂ ಪಟ್ಟಿಗಳನ್ನು ಬೆಸುಗೆ ಹಾಕದೆ ಅಂಟು ಹಾಕಿ ಜೋಡಿಸಿದ ಚಾಸಿ. ಅದರ ತೂಕ ಬರೀ 68 ಕೆ.ಜಿ.! ಮೇಲೆ ಫೈಬರ್ ಮೈ. ಪವರ್ ಸ್ಟೀರಿಂಗ್ ಇಲ್ಲ. ಹಿಂದಿನ ಸೀಟಂತೂ ಇಲ್ಲವೇ ಇಲ್ಲ.

ಅಲ್ಲೇ ಇರೋದು ನೋಡಿ ವಿಷಯ. ಹಗುರ ಆಗಬೇಕಾದ್ರೆ ಏನನ್ನಾದ್ರೂ ಕೆಳಗಿಳಿಸಲೇಬೇಕು. ಹಿಂದಿನ ಸೀಟಲ್ಲಿ ಕೂರೋರು ಯಾರು? ಅಜ್ಜಿ, ಅಮ್ಮ, ತವರಿಗೆ ಬಂದ ಬಾಣಂತಿ ತಂಗಿ, ಅವಳ ಮಗು. ಕಂಪನಿ ಹೇಳಿದ್ದು ಐದು ಜನ, ನಾವು ತುಂಬಿಸಿದ್ದು ಎಂಟು. ಮಧ್ಯರಾತ್ರಿ ಹೆರಿಗೆ ನೋವು ಬಂದಾಗ ಊರಲ್ಲಿದ್ದ ಒಂದೇ ಅಂಬಾಸಿಡರ್ ಟ್ಯಾಕ್ಸಿಯನ್ನ ಎಬ್ಬಿಸಿಕೊಂಡು ಬಂದ ಕಥೆ ಎಷ್ಟು ಮನೆಗಳಲ್ಲಿಲ್ಲ! ಆಗ ಯಾರೂ ಪಿಕಪ್ ಎಷ್ಟು ಅಂತ ಕೇಳಲಿಲ್ಲ.

ಹಾಗಂತ ಎಲೀಸನ್ನು ಬೈಯಬೇಡಿ. ಅದು ಒಬ್ಬನ ಖುಷಿಗೆ ಹುಟ್ಟಿದ ಕಾರು, ಆ ಕೆಲಸವನ್ನ ಚೆನ್ನಾಗೇ ಮಾಡಿತು. ತೊಂದರೆ ಬರೋದು, ಚಿತ್ರ ಬಿಟ್ಟ ಮೇಲೆ ನಮ್ಮ ತಮ್ಮಂದಿರು ಅಪ್ಪನ ಕಾರನ್ನೇ ಎಲೀಸ್ ಅಂದ್ಕೊಂಡು ಓಡಿಸಿದಾಗ! ನೆನಪಿರಲಿ, ವೇಗ ಎರಡರಷ್ಟಾದರೆ ಬ್ರೇಕ್ ಒತ್ತಿದ ಮೇಲೆ ಕಾರು ನಿಲ್ಲೋಕೆ ನಾಲ್ಕರಷ್ಟು ದೂರ ಬೇಕು. ಮೈಭಾರದ ಹಳೇ ಕಾರು, ಹಳೇ ಡ್ರಮ್ ಬ್ರೇಕು, ಒಳಗೆ ಎಂಟು ಜನ... ತೆರೆಯ ಮೇಲಾದ್ರೆ ಡ್ಯೂಪ್ ಇರ್ತಾನೆ, ಒನ್ಸ್‌ಮೋರ್ ಇರುತ್ತೆ. ರಸ್ತೆ ಮೇಲೆ ಎರಡೂ ಇಲ್ಲ, ಸ್ವಾಮೀ!

ಕನಸು ಎಲೀಸ್‌ದೇ ಕಾಣಿ, ಯಾರು ಬೇಡ ಅಂದ್ರು? ಸ್ಟೀರಿಂಗ್ ಹಿಡಿದಾಗ ಮಾತ್ರ ಹಿಂದಿನ ಸೀಟನ್ನ ಒಮ್ಮೆ ನೋಡ್ಕೊಳ್ಳಿ.

ಬರಲಾ? ಮುಂದಿನ ವಾರ ಸಿಗೋಣ.